‘ಬ್ಲ್ಯಾಕ್’ ಎಂದರೆ ‘ಕರಿಯ’ ಅಲ್ಲ



ಅಮೆರಿಕದ ನಮ್ಮ ಮನೆಗಳ ಔತಣಕೂಟಗಳಲ್ಲಿ ಆಗಾಗ ಕಿವಿಗೆ ಬೀಳುವ ಮಾತೊಂದಿದೆ: “ಪಕ್ಕದ ಮನೆಗೆ ಒಬ್ಬ ಕರಿಯ ಬಂದಿದ್ದಾನೆ.” ಆಕ್ಷೇಪಿಸಿದರೆ ಉತ್ತರ ಸಿದ್ಧವಾಗಿರುತ್ತದೆ: “ಇಂಗ್ಲಿಷಿನಲ್ಲಿ ಎಲ್ಲರೂ ಬ್ಲ್ಯಾಕ್ ಎನ್ನುತ್ತಾರೆ. ಅದನ್ನೇ ಕನ್ನಡದಲ್ಲಿ ಹೇಳಿದರೆ ತಪ್ಪೇನು?”

ತಪ್ಪಿದೆ. ಇಂಗ್ಲಿಷಿನಲ್ಲಿ ಆ ಪದಕ್ಕೆ ಅರ್ಥಗಳು ಹಲವು. ಬ್ಲ್ಯಾಕ್‌ಮೇಲ್, ಬ್ಲ್ಯಾಕ್ ಮಾರ್ಕೆಟ್‌ಗಳಲ್ಲಿ ಅದು ಕೇಡಿನ ಸೂಚಕ. ಲೆಕ್ಕದ ಪುಸ್ತಕದಲ್ಲಿ ಲಾಭದ ಗುರುತು. ಕರಾಟೆಯ ಪಟ್ಟಿಯಲ್ಲಿ ಪರಿಣತಿಯ ಚಿಹ್ನೆ. ಇಲ್ಲಿನ ಜನರನ್ನು ಕುರಿತು ಬಳಸಿದಾಗಲಾದರೋ ಅದು ಬರಿಯ ಮೈಬಣ್ಣದ ವರ್ಣನೆಯಲ್ಲ. ಒಂದು ಸಮುದಾಯ ಹೋರಾಡಿ ತನ್ನದಾಗಿಸಿಕೊಂಡ ಹೆಸರು. 1960ರ ದಶಕದಲ್ಲಿ ಅವರು ‘ನೀಗ್ರೋ’ ಪದವನ್ನು ತೊರೆದು, ಹೀಯಾಳಿಕೆಯಾಗಿದ್ದ ಈ ಪದವನ್ನೇ ಹೆಮ್ಮೆಯಿಂದ ಎತ್ತಿಕೊಂಡರು. 2020ರ ಜೂನ್‌ನಲ್ಲಿ ಅಸೋಸಿಯೇಟೆಡ್ ಪ್ರೆಸ್ ಸಂಸ್ಥೆಯು ಈ ಅರ್ಥದಲ್ಲಿ ಪದದ ಮೊದಲಕ್ಷರವನ್ನು ದೊಡ್ಡಕ್ಷರದಲ್ಲೇ ಬರೆಯಬೇಕೆಂದು ನಿಯಮ ಮಾಡಿತು. ‘ಕರಿಯ’ ಎಂಬುದಕ್ಕೆ ಈ ಚರಿತ್ರೆಯಿಲ್ಲ. ಅದು ಅವರು ಆಯ್ದುಕೊಂಡ ಹೆಸರಲ್ಲ, ನಾವು ಅಂಟಿಸಿದ್ದು; ಅದೂ ಏಕವಚನದಲ್ಲಿ.

ಕಪ್ಪನ್ನು ಕೀಳಾಗಿ ಕಾಣುವುದು ಕನ್ನಡಕ್ಕೆ ಅನಿವಾರ್ಯವೂ ಅಲ್ಲ. ಕೊರಳ ಕರಿಮಣಿ ನಮಗೆ ಮಂಗಳಕರ. ಬಯಲುಸೀಮೆಯ ಎರೆಮಣ್ಣು ಜೋಳ, ಹತ್ತಿಗಳ ತವರು. ಕರ್ನಾಟಕವೆಂಬ ಹೆಸರನ್ನೇ ಕರಿಮಣ್ಣಿನ ನಾಡೆಂದು ಬಿಡಿಸುವ ವಿದ್ವಾಂಸರುಂಟು. ಆದರೂ ಮದುವೆಯ ಮಾತುಕತೆಯಲ್ಲಿ “ಹುಡುಗಿ ಸ್ವಲ್ಪ ಕಪ್ಪು” ಎಂದು ದನಿ ತಗ್ಗಿಸುವವರು ನಾವೇ. ಆ ತಾತ್ಸಾರವೇ ವಿಮಾನವೇರಿ ನಮ್ಮೊಡನೆ ಇಲ್ಲಿಗೂ ಬಂದಿದೆ.

ಋಣದ ಮಾತೂ ಇದೆ. ಭಾರತೀಯರಿಗೆ ಈ ದೇಶದ ಬಾಗಿಲನ್ನು ಅಗಲವಾಗಿ ತೆರೆದದ್ದು 1965ರ ವಲಸೆ ಕಾಯಿದೆ. ಹುಟ್ಟಿದ ದೇಶವನ್ನು ನೋಡಿ ಪಾಲು ಹಂಚುತ್ತಿದ್ದ ಹಳೆಯ ಪದ್ಧತಿಯನ್ನು ಅದು ತೆಗೆದುಹಾಕಿತು. 1964ರ ನಾಗರಿಕ ಹಕ್ಕುಗಳ ಕಾಯಿದೆಯ ಬೆನ್ನಿಗೇ, ಅದೇ ಚಳವಳಿಯ ಗಾಳಿಯಲ್ಲಿ ಅದು ಬಂದಿತು. ಯಾರು ಬೀದಿಗಿಳಿದು ಏಟು ತಿಂದರೋ ಅವರನ್ನೇ ನಾವು ಊಟದ ಮೇಜಿನಲ್ಲಿ ‘ಕರಿಯ’ ಎನ್ನುತ್ತೇವೆ!

ಅವರಿಗೆ ಕನ್ನಡ ತಿಳಿಯದು, ನಿಜ. ನಮ್ಮ ಮಕ್ಕಳಿಗೆ ತಿಳಿಯುತ್ತದೆ. ಭಾನುವಾರದ ಕನ್ನಡ ತರಗತಿಯಲ್ಲಿ ಕಲಿಯದ ಪದವನ್ನು ಅವರು ನಮ್ಮ ಬಾಯಿಂದ ಕಲಿಯುತ್ತಾರೆ. ಶಾಲೆಯಲ್ಲಿ ಆ ನೆರೆಮನೆಯ ಮಗುವಿನ ಪಕ್ಕದಲ್ಲೇ ಕುಳಿತುಕೊಳ್ಳುತ್ತಾರೆ.

ನೆರೆಯವರಿಗೆ ಹೆಸರಿದೆ, ಹೆಸರಿನಿಂದ ಕರೆಯೋಣ. ಸಮುದಾಯವನ್ನು ಹೇಳಲೇಬೇಕಾದಾಗ ‘ಕಪ್ಪು ಅಮೆರಿಕನ್ನರು’ ಎನ್ನೋಣ. ನಮ್ಮ ಲಿಪಿಯಲ್ಲಿ ದೊಡ್ಡಕ್ಷರವಿಲ್ಲ, ಆದರೆ ಗೌರವದ ಬಹುವಚನವಿದೆ. “ಬಂದಿದ್ದಾನೆ” ಎನ್ನುವಲ್ಲಿ “ಬಂದಿದ್ದಾರೆ” ಎನ್ನಲು ನಮಗೇನು ಕಷ್ಟ?