ಅಜ್ಜಿಯ ಹಿಂದಿನ ಮನೆ

ಊರಿಗೆ ಹೋಗಿಬಂದ ನಮ್ಮ ಹುಡುಗರು ತೋರಿಸುವ ಫೋಟೋಗಳಲ್ಲಿ ಈಚೆಗೆ ಒಂದು ಷೋಕಿ ಕಾಣುತ್ತಿದೆ. ಅಜ್ಜಿಯ ಮುಖದ ಸುಕ್ಕುಗಳನ್ನು ಎಣಿಸಬಹುದು. ಆಕೆಯ ಹಿಂದಿರುವ ಮನೆ ಮಾತ್ರ ಮಂಜಿನಲ್ಲಿ ಕರಗಿದಂತಿರುತ್ತದೆ. ಫೋನುಗಳು ಇದನ್ನು ಲೆಕ್ಕಾಚಾರದಿಂದ ಮಾಡಿಕೊಡುತ್ತವೆ. ಹಳೆಯ ಕ್ಯಾಮರಾ ಹಿಡಿದು ಕಪ್ಪುಬಿಳುಪು ಫಿಲ್ಮಿಗೆ ಮರಳಿರುವ ಉತ್ಸಾಹಿಗಳೂ ಲೆನ್ಸಿನ ಕಿಂಡಿಯನ್ನು ಪೂರಾ ತೆರೆದು ಇದನ್ನೇ ಸಾಧಿಸುತ್ತಾರೆ. ಚಿತ್ರ ಚೆಂದವಲ್ಲವೆಂದು ನಾನು ಹೇಳಲಾರೆ. ಆದರೆ ಆ ಮನೆ ಎಲ್ಲಿ?

50 ಮಿಲಿಮೀಟರ್ ಲೆನ್ಸನ್ನು ಎಫ್ 2ಕ್ಕೆ ತೆರೆದು, ಎರಡು ಮೀಟರ್ ದೂರದಲ್ಲಿ ಕುಳಿತವರನ್ನು ತೆಗೆದರೆ ಸುಮಾರು 20 ಸೆಂಟಿಮೀಟರ್ ಆಳ ಮಾತ್ರ ಸ್ಪಷ್ಟವಾಗಿರುತ್ತದೆ. ಮೂಗಿನಿಂದ ಕಿವಿಯವರೆಗೆ ಎನ್ನಿ. ಅದೇ ಲೆನ್ಸನ್ನು ಎಫ್ 16ಕ್ಕೆ ಕಿರಿದು ಮಾಡಿ 5 ಮೀಟರಿಗೆ ಹೊಂದಿಸಿದರೆ ಎರಡೂವರೆ ಮೀಟರಿನಿಂದಾಚೆಗೆ ಇರುವುದೆಲ್ಲ ಸ್ಪಷ್ಟ: ಅಜ್ಜಿ, ತುಳಸಿಕಟ್ಟೆ, ಜಗಲಿಯ ಕಂಬ, ಹಿತ್ತಲಿನ ಬೇವು. ಒಳ್ಳೆಯ ಬಿಸಿಲಿದ್ದರೆ 100 ವೇಗದ ಫಿಲ್ಮಿಗೂ 1/125 ಸೆಕೆಂಡು ಸಾಕು. ಕೋಠಿಯ ಬೀದಿಯಲ್ಲಿ ಮಗುವಿನ ಚಿತ್ರ ತೆಗೆಯುವಾಗ ಹಿಂದಿನ ತಂತಿ, ಆಟೋರಿಕ್ಷಾಗಳನ್ನು ಮಸುಕು ಮಾಡುವುದು ಜಾಣತನವೇ. ಬೀದರಿನದೋ ರಾಯಚೂರಿನದೋ ಹಳ್ಳಿಯ ಮನೆಯ ಮಾತು ಬೇರೆ. 1956ರ ತನಕ ಆ ಜಿಲ್ಲೆಗಳೂ ಹೈದರಾಬಾದ್ ರಾಜ್ಯದವೇ; ಈಗ ನಮ್ಮ ಮಕ್ಕಳಿಗೆ ಅವು ರಜೆಯ ಊರುಗಳು. ಪಾಲಾಗಿ, ಮಾರಾಟವಾಗಿ, ಕೆಡವಿಸಿಕೊಂಡ ಮನೆಗಳನ್ನು ಅವರು ನೋಡಬೇಕಾದರೆ ಅಜ್ಜಿಯ ಬೆನ್ನ ಹಿಂದೆಯೇ ನೋಡಬೇಕು.

1886ರಲ್ಲಿ ಸಿಕಂದರಾಬಾದಿನಲ್ಲಿ ಸ್ಟುಡಿಯೋ ತೆರೆದ ಲಾಲಾ ದೀನದಯಾಳರು ಆರನೆಯ ನಿಜಾಮರ ಆಸ್ಥಾನದ ಛಾಯಾಗ್ರಾಹಕರಾಗಿದ್ದರು. ಅವರು ತೆಗೆದ ಅರಮನೆಯ ಚಿತ್ರಗಳಲ್ಲಿ ಕಂಬ, ಗೊಂಚಲುದೀಪಗಳೆಲ್ಲ ಕಣ್ಣಿಗೆ ಕಟ್ಟುವಷ್ಟು ನಿಚ್ಚಳ. ಅವರ 2,857 ಗಾಜಿನ ನೆಗೆಟಿವ್‌ಗಳನ್ನು ದೆಹಲಿಯ ಇಂದಿರಾ ಗಾಂಧಿ ರಾಷ್ಟ್ರೀಯ ಕಲಾ ಕೇಂದ್ರವು 1989ರಲ್ಲಿ ಪಡೆದು ಕಾಪಾಡಿದೆ. ಇವೆಲ್ಲ ಮಸುಕಾಗಿದ್ದರೆ ಹಳೆಯ ಹೈದರಾಬಾದನ್ನು ನಾವು ಕಾಣುತ್ತಿದ್ದುದೆಂತು?

ಮನೆಯಲ್ಲೇ ಪ್ರಿಂಟು ಹಾಕುವವರಿಗೆ ಇದು ಬೇಗ ತಿಳಿಯುತ್ತದೆ. ಎಲ್ಲರೂ ಮಲಗಿದ ಮೇಲೆ ಬಚ್ಚಲುಮನೆಯೇ ಕತ್ತಲೆಕೋಣೆ. ಕಿಟಕಿಗೆ ಕರಿ ಕಂಬಳಿ, ಒಂದು ಕೆಂಪು ದೀಪ, ಹಲಗೆಯ ಮೇಲೆ ಎನ್‌ಲಾರ್ಜರ್, ಸಾಲಾಗಿ ಮೂರು ತಟ್ಟೆ: ಡೆವಲಪರ್, ಅಸಿಟಿಕ್ ಆಮ್ಲ ಬೆರೆಸಿದ ನೀರು, ಹೈಪೋ. ಸುಣ್ಣದ ಗೋಡೆ ಬಿಸಿಲಿಗೆ ಬೆಳ್ಳಗೆ ಮಾಯವಾಗಿದೆಯೇ? ಮುಖಕ್ಕೆ 12 ಸೆಕೆಂಡು ಬೆಳಕು ಕೊಟ್ಟ ಮೇಲೆ, ಅದನ್ನು ರಟ್ಟಿನ ತುಂಡಿನಿಂದ ಮರೆಮಾಡಿ, ಗೋಡೆಗೆ ಮತ್ತೆ ಹತ್ತು ಸೆಕೆಂಡು ಕೊಡಿ. ರಟ್ಟನ್ನು ಅಲುಗಿಸುತ್ತಿರಬೇಕು, ಇಲ್ಲವಾದರೆ ಅಜ್ಜಿಯ ಸುತ್ತ ದೇವರ ಪಟದ ಪ್ರಭಾವಳಿಯೇ ಮೂಡೀತು! ಗೋಡೆಯ ಬಿರುಕು, ಬಾಗಿಲ ಪಟ್ಟಿ ಡೆವಲಪರಿನಲ್ಲಿ ಮೆಲ್ಲನೆ ಮೇಲೇಳುತ್ತವೆ. ನೆಗೆಟಿವಿನಲ್ಲಿ ಇದ್ದುದನ್ನು ಹೀಗೆ ಹೊರತೆಗೆಯಬಹುದು. ಲೆನ್ಸೇ ಮಸುಕು ಮಾಡಿದ್ದನ್ನು ಯಾವ ರಸಾಯನವೂ ಮರಳಿ ಕೊಡದು.

ಡೆವಲಪರು 20 ಡಿಗ್ರಿಯ ಆಸುಪಾಸಿನಲ್ಲಿರಬೇಕು. ನಮ್ಮ ಏಪ್ರಿಲ್, ಮೇ ಸೆಕೆಯಲ್ಲಿ ತಟ್ಟೆಯನ್ನು ಹಿಮದ ನೀರಿನ ದೊಡ್ಡ ತಟ್ಟೆಯೊಳಗೆ ಇಡುವುದು ಉಪಾಯ. ಡೆವಲಪರಿಗೇ ಹಿಮಗಡ್ಡೆ ಹಾಕಿದರೆ ತೆಳುವಾಗುತ್ತದೆ. ಡಿಸೆಂಬರಿನ ರಾತ್ರಿಗಳಾದರೆ ಈ ಕಾಟವಿಲ್ಲ. ಕೊನೆಗೆ ಚೆನ್ನಾಗಿ ತೊಳೆಯಿರಿ, ಹೈಪೋ ಉಳಿದರೆ ಚಿತ್ರ ಹಳದಿಗಟ್ಟುತ್ತದೆ. ನಲ್ಲಿ ನೀರಿಗೆ ತತ್ವಾರವಾದರೆ ಬಕೆಟ್ಟಿನಲ್ಲಿ ಹಲವು ಸಲ ನೀರು ಬದಲಿಸಿ. ಒಣಗಿದ ಮೇಲೆ ಹಿಂಬದಿಯಲ್ಲಿ ಮೆತ್ತನೆಯ ಪೆನ್ಸಿಲಿನಿಂದ ಅಜ್ಜಿಯ ಹೆಸರು, ಊರು, ಇಸವಿ ಬರೆಯಿರಿ. ಮನೆಗೆ ಊರಲ್ಲಿ ಕರೆಯುವ ಹೆಸರೇನಾದರೂ ಇದ್ದರೆ ಅದನ್ನೂ.