ಮೊದಲ ದಿನದ ಒಂದು ಸಾಲು

ಜಾವಾ ಭಾಷೆಯಲ್ಲಿ ಹೊಸ ಜಾಲಸೇವೆಯನ್ನು ಕಟ್ಟಹೊರಟವರು ಮೊದಲ ದಿನವೇ ಸೇವೆಯನ್ನು ಬರೆಯತೊಡಗುವುದಿಲ್ಲ. ಮೇವನ್ ಎಂಬ ಬಿಲ್ಡ್ ಸಾಧನಕ್ಕೆ ಒಂದು ಆಜ್ಞೆ ಕೊಡುತ್ತಾರೆ. ಮದುವೆ ಮನೆಯ ಹಿರಿಯರು ಮನೆತನ ವಿಚಾರಿಸುವಂತೆ ಅದು ಯಾವ ಬಳಗ, ಏನು ಹೆಸರು, ಎಷ್ಟನೆಯ ಆವೃತ್ತಿ ಎಂದು ಕೇಳಿ, ಫೋಲ್ಡರುಗಳನ್ನು ತಾನೇ ಸಿದ್ಧಪಡಿಸುತ್ತದೆ. ಮೂಲ ಬರಹಕ್ಕೆ ಒಂದು, ಪರೀಕ್ಷೆಗೆ ಇನ್ನೊಂದು, ಇವೆಲ್ಲದರ ವಿವರಕ್ಕೆ 'ಪಾಮ್' ಎಂಬ ಕಡತ. 2005ರ ಎರಡನೆಯ ಆವೃತ್ತಿಯಿಂದೀಚೆಗೆ ಈ ವಿನ್ಯಾಸ ಹೆಚ್ಚುಕಡಿಮೆ ಹಾಗೆಯೇ ಉಳಿದಿದೆ. ಅಪರಿಚಿತರ ಯೋಜನೆಯನ್ನು ತೆರೆದರೂ ಯಾವುದು ಎಲ್ಲಿದೆಯೆಂದು ತಡಕಾಡಬೇಕಾಗಿಲ್ಲ.

ಬೇಕಾದ ಗ್ರಂಥಾಲಯಗಳ ಹೆಸರನ್ನು ಪಾಮ್ ಕಡತದಲ್ಲಿ ಬರೆದರೆ ಸಾಕು, ಮೇವನ್ ಅವನ್ನು ಕೇಂದ್ರ ಭಂಡಾರದಿಂದ ತರಿಸುತ್ತದೆ. ಅವು ತಮ್ಮ ನಂಟರನ್ನೂ ಕರೆತರುತ್ತವೆ. 2021ರ ಡಿಸೆಂಬರಿನಲ್ಲಿ ಲಾಗ್‌ಫೋರ್‌ಜೆ ದೋಷ ಬಯಲಾದಾಗ, ತಾವು ಕರೆಯದಿದ್ದರೂ ಆ ಅತಿಥಿ ಒಳಗೆ ಬಂದು ಕುಳಿತಿರುವುದು ಅನೇಕರಿಗೆ ತಿಳಿದದ್ದು ಹೀಗೆ.

ಇಷ್ಟು ಎಲ್ಲ ಪಾಠಗಳಲ್ಲಿಯೂ ಇದೆ. ಕನ್ನಡದವರು ಗಮನಿಸಬೇಕಾದುದು ಬೇರೊಂದು. ಮೂಲ ಬರಹವು ಯಾವ ಅಕ್ಷರ ಸಂಕೇತದಲ್ಲಿದೆ ಎಂದು ಪಾಮ್ ಕಡತದಲ್ಲಿ ಒಂದು ಸಾಲು ಹೇಳದಿದ್ದರೆ, ಮೇವನ್ ಆಯಾ ಗಣಕದ ಸಂಕೇತವನ್ನೇ ಹಿಡಿಯುತ್ತದೆ. ಎಚ್ಚರಿಕೆಯನ್ನೇನೋ ಕೊಡುತ್ತದೆ, ಆದರೆ ಸರಸರನೆ ಓಡುವ ಆ ಸಾಲುಗಳನ್ನು ಓದುವವರಾರು? ಇಂಗ್ಲಿಷ್ ಮಾತ್ರ ಬರೆಯುವವರಿಗೆ ಇದರಿಂದ ಬಾಧಕವಿಲ್ಲ. ಯುಟಿಎಫ್-8ರಲ್ಲಿ ಕನ್ನಡದ 'ಕ' ಮೂರು ಬೈಟುಗಳು. ಹಳೆಯ ವಿಂಡೋಸ್ ಸಂಕೇತ ಅವನ್ನು ಮೂರು ಬೇರೆ ಬೇರೆ ಚಿಹ್ನೆಗಳೆಂದು ಓದುತ್ತದೆ. ಬರೆದವರ ಲಿನಕ್ಸ್ ಯಂತ್ರದಲ್ಲಿ ಸರಿಯಾಗಿದ್ದ ಹೆಸರು ಇನ್ನೊಬ್ಬರ ಯಂತ್ರದಲ್ಲಿ ಕೆಡುತ್ತದೆ. ಮಲಯಾಳ, ಮರಾಠಿ ಹೆಸರುಗಳ ಪಾಡೂ ಇದೇ. ಈ ವಿಷಯದಲ್ಲಿ ಗಡಿ ಭೇದವಿಲ್ಲ. 2022ರ ಜಾವಾ 18ರಿಂದ ಯುಟಿಎಫ್-8 ತಾನಾಗಿಯೇ ಬರುತ್ತದೆಯಾದರೂ ಹಿಂದಿನ ಆವೃತ್ತಿಗಳು ಇನ್ನೂ ಬಳಕೆಯಲ್ಲಿವೆ.

ಹೀಗೆ ಕೆಟ್ಟ ಅಕ್ಷರಗಳನ್ನು ಬಹುಮಟ್ಟಿಗೆ ಮರಳಿ ಪಡೆಯಬಹುದು. ಪಡೆಯಲಾಗದ್ದು ಪ್ರಶ್ನಾರ್ಥಕ ಚಿಹ್ನೆ. ಕನ್ನಡವನ್ನು ಅರಿಯದ ಸಂಕೇತಕ್ಕೆ ಕನ್ನಡವನ್ನು ಪರಿವರ್ತಿಸಿದಾಗ ಪ್ರತಿ ಅಕ್ಷರದ ಸ್ಥಾನದಲ್ಲಿ ಆ ಚಿಹ್ನೆ ನಿಲ್ಲುತ್ತದೆ. ದತ್ತಾಂಶದಲ್ಲಿ ಅದೇ ಉಳಿದುಹೋದರೆ ಅರ್ಜಿದಾರರ ಹೆಸರು ಏನಿತ್ತೆಂದು ಯಾವ ಯಂತ್ರವೂ ಹೇಳಲಾರದು.

ಆದುದರಿಂದ ಯೋಜನೆ ಹುಟ್ಟಿದ ದಿನವೇ ಪಾಮ್ ಕಡತದಲ್ಲಿ ಆ ಒಂದು ಸಾಲನ್ನು ಬರೆದು, ಪರೀಕ್ಷೆಯ ಫೋಲ್ಡರಿನಲ್ಲಿ ಒತ್ತಕ್ಷರವಿರುವ ಒಂದು ಕನ್ನಡ ಹೆಸರನ್ನು ಇಡುವುದು ಲೇಸು. ನಿರೀಕ್ಷಿತ ಉತ್ತರವನ್ನು ಅಕ್ಷರಗಳಲ್ಲಿ ಬರೆಯದೆ, 'ಕ'ಕಾರಕ್ಕೆ 0ಸಿ95 ಎಂಬಂತೆ ಯೂನಿಕೋಡ್ ಸಂಖ್ಯೆಗಳಲ್ಲಿ ಕೊಡಬೇಕು. ಎರಡೂ ಕಡೆ ಒಂದೇ ಬಗೆಯಲ್ಲಿ ಕೆಟ್ಟರೆ ಪರೀಕ್ಷೆ ಮೋಸಹೋಗುತ್ತದೆ. ಮೇವನ್‌ನ ಕ್ರಮದಲ್ಲಿ ಪರೀಕ್ಷೆ ಮುಗಿದ ಬಳಿಕವೇ ಪೊಟ್ಟಣ ಕಟ್ಟುವುದು. ಹೆಸರು ಕೆಟ್ಟಿದ್ದರೆ ಕೆಲಸ ಅಲ್ಲಿಯೇ ನಿಲ್ಲುತ್ತದೆ.