ಹಡಗುಕಟ್ಟೆಯ ಹೊಸ ಬಾಳು ಯಾರಿಗಾಗಿ?

ಪಾಳುಬಿದ್ದ ನಗರಭಾಗವೊಂದು ಮರಳಿ ಜೀವ ತಳೆದರೆ ಸಂತೋಷಪಡುವುದು ಸಹಜ. ಆದರೆ ಕಲ್ಲು ಗಾಜುಗಳಿಗೆ ಹೊಸ ಬಾಳು ಬಂದಾಗ ಅಲ್ಲಿನ ಮನುಷ್ಯರ ಬಾಳು ಏನಾಯಿತು ಎಂದು ವಿಚಾರಿಸುವುದು ಕ್ರೈಸ್ತರಾದ ನಮ್ಮ ಕರ್ತವ್ಯ. ಲಂಡನ್ ನಗರದ ಪೂರ್ವಭಾಗದಲ್ಲಿ, ಥೇಮ್ಸ್ ನದಿಯ ದಂಡೆಯಲ್ಲಿರುವ ಡಾಕ್‌ಲ್ಯಾಂಡ್ಸ್ ಪ್ರದೇಶವು ಈ ವಿಚಾರಕ್ಕೆ ತಕ್ಕ ಪಾಠಶಾಲೆಯಾಗಿದೆ.

1987ರಲ್ಲಿ ಆರಂಭವಾದ, ಚಾಲಕನಿಲ್ಲದೆ ಓಡುವ ಲಘು ರೈಲಿನಲ್ಲಿ ಹೋಗಿ ವೆಸ್ಟ್ ಇಂಡಿಯಾ ಕೀ ನಿಲ್ದಾಣದಲ್ಲಿ ಇಳಿದವರಿಗೆ ಎರಡು ಯುಗಗಳು ಒಟ್ಟಿಗೆ ಕಾಣಸಿಗುತ್ತವೆ. ಒಂದು ಬದಿಗೆ ಇಟ್ಟಿಗೆಯ ಹಳೆಯ ಉಗ್ರಾಣಗಳು. ಮತ್ತೊಂದು ಬದಿಗೆ ಕ್ಯಾನರಿ ವಾರ್ಫಿನ ಬ್ಯಾಂಕುಗಳ ಗಾಜಿನ ಗೋಪುರಗಳು. ನಡುವೆ ನಿಶ್ಚಲವಾದ ನೀರು. 1802ರಲ್ಲಿ ತೆರೆದ ಈ ಹಡಗುಕಟ್ಟೆಗೆ ಬರುತ್ತಿದ್ದುದು ಕೆರಿಬಿಯನ್ ದ್ವೀಪಗಳಲ್ಲಿ ಗುಲಾಮರು ದುಡಿದು ಬೆಳೆದ ಸಕ್ಕರೆ. ಆ ಉಗ್ರಾಣಗಳಲ್ಲೊಂದು 2003ರಿಂದ ವಸ್ತುಸಂಗ್ರಹಾಲಯವಾಗಿದೆ. ಸಕ್ಕರೆಯ ಸಿಹಿಯ ಹಿಂದಿದ್ದ ಕಣ್ಣೀರನ್ನು ಅದು ಮರೆಮಾಚದೆ ತೋರಿಸುತ್ತದೆ.

ಈ ತೀರದಲ್ಲಿ ಅಭಿವೃದ್ಧಿಯ ಹೆಸರಿನಲ್ಲಿ ಬಡವರು ಎತ್ತಂಗಡಿಯಾದುದು ನಿನ್ನೆ ಮೊನ್ನೆಯ ಸಂಗತಿಯಲ್ಲ. 1828ರಲ್ಲಿ ಪೂರ್ಣಗೊಂಡ ಸೇಂಟ್ ಕ್ಯಾಥರೀನ್ ಹಡಗುಕಟ್ಟೆಗಾಗಿ ಸಾವಿರಕ್ಕೂ ಮಿಕ್ಕಿ ಮನೆಗಳನ್ನು ಕೆಡವಲಾಯಿತು. ಸುಮಾರು 11 ಸಾವಿರ ಜನ ನೆಲೆ ಕಳೆದುಕೊಂಡರು. ಪರಿಹಾರ ದೊರೆತದ್ದು ಮನೆಗಳ ಒಡೆಯರಿಗೆ, ಬಾಡಿಗೆಗಿದ್ದ ಕೂಲಿಗಳಿಗಲ್ಲ.

ಆ ಕೂಲಿಗಳು ಪ್ರತಿದಿನ ಬೆಳಗ್ಗೆ ಹಡಗುಕಟ್ಟೆಯ ಬಾಗಿಲಲ್ಲಿ ನಿಂತು, ಮೇಸ್ತ್ರಿ ಕರೆದರೆ ಕೆಲಸ, ಇಲ್ಲವಾದರೆ ಉಪವಾಸ ಎಂಬ ಸ್ಥಿತಿಯಲ್ಲಿ ಬದುಕಿದರು. 1889ರ ಆಗಸ್ಟ್ 14ರಂದು ಅವರು ಮುಷ್ಕರ ಹೂಡಿದರು. ಗಂಟೆಗೆ ಐದು ಪೆನ್ಸ್ ಇದ್ದ ಕೂಲಿಯನ್ನು ಆರು ಪೆನ್ಸ್ ಮಾಡಬೇಕು, ಕರೆದ ಮೇಲೆ ಕನಿಷ್ಠ ನಾಲ್ಕು ಗಂಟೆಯಾದರೂ ಕೆಲಸ ಕೊಡಬೇಕು ಎಂಬುವು ಅವರ ಬೇಡಿಕೆಗಳಲ್ಲಿ ಮುಖ್ಯವಾದವು. ಅವರಲ್ಲಿ ಅನೇಕರು ಐರ್ಲೆಂಡಿನಿಂದ ವಲಸೆ ಬಂದ ಕಥೋಲಿಕರು. ಮಾಲೀಕರೂ ಮುಷ್ಕರ ನಿರತರೂ ಪಟ್ಟು ಸಡಿಲಿಸದೆ ನಿಂತಾಗ ಸಂಧಾನಕ್ಕೆ ಮುಂದಾದವರು ವೆಸ್ಟ್‌ಮಿನ್‌ಸ್ಟರಿನ ಮಹಾಧರ್ಮಾಧ್ಯಕ್ಷರಾದ ಕಾರ್ಡಿನಲ್ ಹೆನ್ರಿ ಎಡ್ವರ್ಡ್ ಮ್ಯಾನಿಂಗ್. ಆಗ ಅವರಿಗೆ 81 ವರ್ಷ. ಮಾಲೀಕರ ಕಚೇರಿಗೂ ಕಾರ್ಮಿಕರ ಸಭೆಗೂ ಓಡಾಡಿ, ಸೆಪ್ಟೆಂಬರ್ ಮಧ್ಯಭಾಗದಲ್ಲಿ ಒಪ್ಪಂದವಾಗುವಂತೆ ಅವರು ಶ್ರಮಿಸಿದರು. ಆರು ಪೆನ್ಸ್ ದೊರೆಯಿತು. ಎರಡು ವರ್ಷಗಳ ಬಳಿಕ, 1891ರ ಮೇ 15ರಂದು, ಜಗದ್ಗುರು ಹದಿಮೂರನೇ ಲಿಯೋ ಅವರು ಕಾರ್ಮಿಕರ ಹಕ್ಕುಗಳನ್ನು ಕುರಿತ ‘ರೇರುಮ್ ನೊವಾರುಮ್’ ವಿಶ್ವಪರಿಪತ್ರವನ್ನು ಹೊರಡಿಸಿದರು.

ಕಾಲ ಬದಲಾಯಿತು. ಸರಕನ್ನು ಕಂಟೇನರುಗಳಲ್ಲಿ ತುಂಬಿ ಸಾಗಿಸುವ ಭಾರಿ ಹಡಗುಗಳಿಗೆ ಈ ಕಟ್ಟೆಗಳು ಸಾಲದೆ ಹೋದವು. ವ್ಯಾಪಾರ ನದಿಯ ಕೆಳಭಾಗದ ಟಿಲ್‌ಬರಿ ಬಂದರಿಗೆ ಸರಿಯಿತು. 1980ರಲ್ಲಿ ವೆಸ್ಟ್ ಇಂಡಿಯಾ ಕಟ್ಟೆ ಮುಚ್ಚಿತು. ಮರುವರ್ಷ ಸರಕಾರ ಅಭಿವೃದ್ಧಿ ನಿಗಮವೊಂದನ್ನು ಸ್ಥಾಪಿಸಿತು. 1991ರಲ್ಲಿ 50 ಮಹಡಿಗಳ ಗೋಪುರ ತಲೆಯೆತ್ತಿತು. ನಿರ್ಜನವಾಗಿದ್ದಲ್ಲಿ ಉದ್ಯೋಗ, ವಸತಿ, ಸಾರಿಗೆ ಎಲ್ಲವೂ ಬಂದವು. ಇದನ್ನು ಅಲ್ಲಗಳೆಯುವುದು ನ್ಯಾಯವಲ್ಲ. ಆದರೆ ಹಡಗಿನ ಮೂಟೆ ಹೊತ್ತ ಕುಟುಂಬಗಳಿಗೆ ಬ್ಯಾಂಕಿನ ಮೇಜು ದೊರೆಯುವುದು ಸುಲಭವೇ? ಈ ಗೋಪುರಗಳು ನಿಂತಿರುವ ಟವರ್ ಹ್ಯಾಮ್ಲೆಟ್ಸ್ ವಿಭಾಗವು ಬ್ರಿಟನ್ನಿನಲ್ಲಿ ಮಕ್ಕಳ ಬಡತನ ಅತ್ಯಧಿಕವಾಗಿರುವ ಪ್ರದೇಶಗಳಲ್ಲೊಂದು ಎಂಬುದು ಚಿಂತೆಗೀಡುಮಾಡುವ ಮಾತು.

ನಿಗಮ ಹುಟ್ಟಿದ 1981ರಲ್ಲೇ ಜಗದ್ಗುರು ಇಮ್ಮಡಿ ಜಾನ್ ಪಾಲರು ‘ಲಾಬೊರೆಮ್ ಎಕ್ಸೆರ್ಚೆನ್ಸ್’ ಪತ್ರದಲ್ಲಿ ಬಂಡವಾಳಕ್ಕಿಂತ ಶ್ರಮಕ್ಕೆ, ವಸ್ತುವಿಗಿಂತ ವ್ಯಕ್ತಿಗೆ ಅಗ್ರಸ್ಥಾನವೆಂದು ಬೋಧಿಸಿದರು. ತತ್ತ್ವಶಾಸ್ತ್ರದ ಭಾಷೆಯಲ್ಲಿ ಹೇಳುವುದಾದರೆ, ಕಟ್ಟಡ ಸಾಧನ, ಮನುಷ್ಯನೇ ಸಾಧ್ಯ. ಸಾಧನವು ಸಾಧ್ಯದ ಸ್ಥಾನವನ್ನು ಆಕ್ರಮಿಸಿದಾಗ ನಗರ ಎಷ್ಟು ಸುಂದರವಾದರೂ ಅದರ ಉದ್ದೇಶ ಕೆಡುತ್ತದೆ.

ಈ ಬೋಧನೆ ಬರಿಯ ಕಾಗದದಲ್ಲಿ ಉಳಿಯಲಿಲ್ಲವೆಂಬುದು ಸಮಾಧಾನದ ಸಂಗತಿ. 2001ರಲ್ಲಿ ಪೂರ್ವ ಲಂಡನ್ನಿನ ಚರ್ಚುಗಳು, ಮಸೀದಿಗಳು, ಕಾರ್ಮಿಕ ಸಂಘಗಳು ಕೂಡಿ ಕುಟುಂಬ ಸಾಕಲು ಸಾಲುವಷ್ಟು ‘ಜೀವನ ವೇತನ’ಕ್ಕಾಗಿ ಆಂದೋಲನ ಆರಂಭಿಸಿದವು. ನಮ್ಮ ಕಥೋಲಿಕ ಧರ್ಮಕೇಂದ್ರಗಳೂ ಅದರಲ್ಲಿದ್ದವು. 2003ರಲ್ಲಿ ಬ್ಯಾಂಕೊಂದರ ಗೋಪುರವನ್ನು ರಾತ್ರಿ ಶುಚಿಗೊಳಿಸುತ್ತಿದ್ದ ಕಾರ್ಮಿಕರೊಬ್ಬರು ಅದರ ವಾರ್ಷಿಕ ಸಭೆಯಲ್ಲಿ ಎದ್ದುನಿಂತು ಅಧ್ಯಕ್ಷರ ಮುಂದೆ ತಮ್ಮ ವೇತನದ ಅಳಲನ್ನು ತೋಡಿಕೊಂಡರು. ಇಬ್ಬರೂ ಒಂದೇ ಕಚೇರಿಯಲ್ಲಿ ದುಡಿಯುವವರು. ಒಬ್ಬರು ಹಗಲು, ಒಬ್ಬರು ಇರುಳು. ಮರುವರ್ಷ ಆ ಬ್ಯಾಂಕು ಶುಚಿಕಾರ್ಮಿಕರ ವೇತನ ಹೆಚ್ಚಿಸಲು ಒಪ್ಪಿತು. ಮ್ಯಾನಿಂಗರ ಆರು ಪೆನ್ಸ್ ಅದೇ ನೀರಿನ ದಂಡೆಯಲ್ಲಿ ಹೊಸ ರೂಪದಲ್ಲಿ ಮರಳಿ ಬಂದಂತಾಯಿತು.

2025ರಲ್ಲಿ ಜಗದ್ಗುರುಗಳಾದ ಹದಿನಾಲ್ಕನೇ ಲಿಯೋ ಅವರು ತಾವು ಆ ಹೆಸರನ್ನು ಆರಿಸಿಕೊಂಡುದಕ್ಕೆ ‘ರೇರುಮ್ ನೊವಾರುಮ್’ ಬರೆದ ಹದಿಮೂರನೇ ಲಿಯೋ ಅವರ ನೆನಪೇ ಮುಖ್ಯ ಕಾರಣವೆಂದಿದ್ದಾರೆ. ಹಾಗಾದರೆ ನಮಗೂ ಇದರಲ್ಲಿ ಪಾಲಿದೆ. ನಮ್ಮೂರಿನ ನದೀತೀರಗಳನ್ನೂ ಕೆರೆಯಂಗಳಗಳನ್ನೂ ಸುಂದರಗೊಳಿಸುವ ಯೋಜನೆಗಳು ಬಂದಾಗ, ಅಲ್ಲಿ ಬಲೆ ಒಣಗಿಸುವವರ, ದೋಣಿ ಕಟ್ಟುವವರ ಗತಿಯೇನೆಂದು ನಾವು ಕೇಳುತ್ತೇವೆಯೇ? ಅದಕ್ಕೂ ಮೊದಲು, ನಮ್ಮ ಮನೆಗಳ ಪಾತ್ರೆ ತೊಳೆಯುವವರಿಗೆ, ನಮ್ಮ ಶಾಲೆ, ಆಸ್ಪತ್ರೆ, ದೇವಾಲಯಗಳ ಅಂಗಳ ಗುಡಿಸುವವರಿಗೆ ನಾವು ಕೊಡುವ ಸಂಬಳದಲ್ಲಿ ಒಂದು ಸಂಸಾರ ನಡೆಯುತ್ತದೆಯೇ?

ಪ್ರಭು ಯೇಸು ಹೇಳಿದ ದ್ರಾಕ್ಷಾತೋಟದ ಸಾಮತಿಯಲ್ಲಿ, ಯಾರೂ ಕೂಲಿಗೆ ಕರೆಯದ ಕಾರಣ ಸಂಜೆಯವರೆಗೂ ಪೇಟೆಯಲ್ಲಿ ನಿಂತವರಿಗೂ ಯಜಮಾನನು ದಿನದ ಪೂರ್ಣ ಕೂಲಿಯನ್ನಿತ್ತನು. ಒಂದು ದಿನದ ಅನ್ನಕ್ಕೆ ಎಷ್ಟು ಬೇಕೆಂಬುದೇ ಅವನ ಲೆಕ್ಕವಾಗಿತ್ತು. ಈ ವಾರ ಪ್ರತಿಯೊಂದು ಕ್ರೈಸ್ತ ಕುಟುಂಬವೂ, ಪ್ರತಿಯೊಂದು ಧರ್ಮಕೇಂದ್ರವೂ ತನ್ನ ಲೆಕ್ಕದ ಪುಸ್ತಕವನ್ನು ಆ ಯಜಮಾನನ ಕಣ್ಣಿನಿಂದ ಒಮ್ಮೆ ಓದಲಿ.